ಬಿಲ್ಲೆಯ ಹಿಂದಿನ ಕೆಂಪು ತ್ರಿಶೂಲ

ಪೊಲೀಸ್ ಠಾಣೆಯ ವೆಂಕಟಸ್ವಾಮಿ ದಫೇದಾರರು ಅಂಗಳದಲ್ಲೇ ಬೂಟು ಬಿಚ್ಚಿದರು. ಇಪ್ಪತ್ತು ವರ್ಷದಿಂದ ಬೂಟುಗಾಲಲ್ಲೇ ನಮ್ಮ ಜಗಲಿ ಹತ್ತಿದ ಮನುಷ್ಯ. ಅದನ್ನು ಕಂಡು ನನ್ನ ಸೊಸೆ ಆದಿಲಕ್ಷ್ಮಿ ಕಟ್ಟುತ್ತಿದ್ದ ಹೂವಿನ ಎಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದು ನಿಂತಳು.

“ಮಹದೇವಪುರದ ಕೆರೆ ಹತ್ರ ಹೋಗ್ಬೇಕು ಶ್ರೀರಾಮಪ್ಪ,” ಎಂದರು ದಫೇದಾರರು. “ನೀನೊಬ್ಬನೇ ಬಾ.”

ಆಷಾಢದ ಶುಕ್ರವಾರ ಅದು. ಕೆರೆಯ ಏರಿಯ ಮೇಲೆ ಗೋಣಿಚೀಲ ಹೊದಿಸಿ ಮಲಗಿಸಿದ್ದರು. ಎರಡು ದಿನವಾದರೂ ನೀರಿನಲ್ಲಿತ್ತು ಎಂದು ಡಾಕ್ಟರು ಬರೆದುಕೊಳ್ಳುತ್ತಿದ್ದರು. ಮುಖ ಗುರುತು ಸಿಗುವಂತಿಲ್ಲ ಎಂದರು. ಖಾಕಿ ಕೋಟು ಇತ್ತು. ತೋಳಿನಲ್ಲಿ ಮಿಲಿಟರಿ ಡ್ರೈವರನ ಹಿತ್ತಾಳೆ ಬಿಲ್ಲೆ ಇತ್ತು. ಅದರ ಮೇಲೆ ನನ್ನ ಮಗ ಮುನಿಆಂಜನಪ್ಪನ ನಂಬರು ಇತ್ತು.

“ಚೀಲ ಇನ್ನೂ ಸರಿಸ್ಲಾ ಯಜಮಾನ್ರೆ?” ಎಂದು ನೀರುಗಂಟಿ ಕೇಳಿದ.

“ಬೇಡಪ್ಪ,” ಅಂದೆ. “ಅವನೇ.”

ಸಂಜೆ ದೀಪ ಹಚ್ಚುವ ಮುಂಚೆ ಹಲಸೂರಿನ ನಮ್ಮವರ ಮಸಣದಲ್ಲಿ, ನನ್ನ ಹೆಂಡತಿಯ ಪಕ್ಕದಲ್ಲಿ ಮಣ್ಣು ಮಾಡಿದೆವು. ಮನೆಗೆ ಬಂದಾಗ ಆದಿಲಕ್ಷ್ಮಿ ಒಂದೇ ಒಂದು ಮಾತು ಕೇಳಿದಳು.

“ನೀವು ನೋಡಿದ್ರಾ ಮಾವಾ?”

“ನೋಡಿದೆ ತಾಯಿ,” ಎಂದೆ.

ಮೂರನೆಯ ದಿನ ಹಾಲು ತುಪ್ಪ ಬಿಟ್ಟೆವು. ಹನ್ನೊಂದನೆಯ ದಿನ ತಿಥಿ ಮಾಡಿದೆವು. ಹನ್ನೆರಡನೆಯ ದಿನ ಮಿಲಿಟರಿ ಕಾಗದ ಬಂತು. ಸಿಪಾಯಿ ಮುನಿಆಂಜನಪ್ಪ ಮಂಗಳವಾರ ಡಿಪೋದಿಂದ ಒಂದು ಪಿಕಪ್ ಗಾಡಿ ಕದ್ದು ಮಾರಿದ್ದಾನೆ, ಕುಡಿದು ಕೆರೆಗೆ ಬಿದ್ದಿದ್ದಾನೆ ಎಂದು ಅದರಲ್ಲಿತ್ತು. ಹೆಂಡದ ವಾಸನೆಗೆ ತಲೆನೋವು ಬರುತ್ತದೆ ಎನ್ನುತ್ತಿದ್ದ ಹುಡುಗ ಅವನು. ಕೆರೆ ಮೈಸೂರು ಸೀಮೆಯದು, ಗಾಡಿ ಬ್ರಿಟಿಷರ ದಂಡಿನದು. ಎರಡು ಠಾಣೆಗಳ ನಡುವೆ ಕಾಗದ ಓಡಾಡಿ ಓಡಾಡಿ ದಣಿದು ಒಂದು ಕಡೆ ಕುಳಿತಿತು.

*

ಮಾಘಮಾಸ ಬಂತು. ಯುದ್ಧ ಮುಗಿದು, ಕೃಷ್ಣರಾಜಪುರದ ಆಚೆಯಿದ್ದ ಆ ಲಾರಿ ಡಿಪೋವನ್ನು ಮುಚ್ಚುತ್ತಿದ್ದರು. ದಫೇದಾರರಿಗೆ ಪಿಂಚಣಿಯಾಗಿತ್ತು, ಆದರೂ ಅವರು ಸುಮ್ಮನಿರಲಿಲ್ಲ. ಡಿಪೋದ ಕ್ಯಾಪ್ಟನ್ ಸಾಹೇಬನನ್ನು ಹಿಡಿದು ಒಂದು ಮಾತು ತಂದಿದ್ದರು. ಸೋಮವಾರ ಹತ್ತು ಗಂಟೆಗೆ ನಾವು ಏನಾದರೂ ರುಜುವಾತು ತಂದರೆ ಸಾಹೇಬ ಕೇಳುತ್ತಾನೆ. ತರದಿದ್ದರೆ ಕಾಗದಗಳನ್ನು ಪೆಟ್ಟಿಗೆಗೆ ತುಂಬಿ ಮೊಹರು ಹಾಕಿ ಬೇರೆ ಊರಿಗೆ ಕಳಿಸುತ್ತಾರೆ. ಆಮೇಲೆ ನನ್ನ ಮಗ ಎಂದೆಂದಿಗೂ ಕಳ್ಳನೇ.

ಆ ಸೋಮವಾರಕ್ಕೆ ಮೂರು ದಿನ ಇದೆ ಎನ್ನುವಾಗ ನಯಾಜ್ ನಮ್ಮ ಅಂಗಳಕ್ಕೆ ಗಾಡಿ ನುಗ್ಗಿಸಿದ.

“ನಿಧಾನ, ನಿಧಾನ. ತುಳಸಿಕಟ್ಟೆ ಐತೆ,” ಎಂದಳು ಆದಿಲಕ್ಷ್ಮಿ.

“ನೋಡ್ಕೊಂಡೇ ಬಿಡ್ತಿದೀನಿ ಅಕ್ಕಾ. ಬ್ರೇಕು ಸ್ವಲ್ಪ ಯೋಚ್ನೆ ಮಾಡಿ ಹಿಡಿಯುತ್ತೆ, ಅಷ್ಟೇ.”

ರಸೆಲ್ ಮಾರುಕಟ್ಟೆಯ ಹಣ್ಣಿನ ಅಂಗಡಿಯ ಹುಡುಗ. ಇವನ ಅಜ್ಜನ ಟಾಂಗಾಕ್ಕೆ ನಾನು ಬಣ್ಣ ಹಚ್ಚಿದ್ದೆ. ದಂಡಿನ ಸಾರೋಟು ಕಾರ್ಖಾನೆಯಲ್ಲಿ ಮೂವತ್ತು ವರ್ಷ ಸಾಹೇಬರ ಗಾಡಿಗಳಿಗೆ ಬಣ್ಣ, ಲಾಂಛನ, ಬಿಲ್ಲೆ ಹಾಕಿದವನು ನಾನು. ಈಗ ಮನೆಯ ಅಂಗಳದಲ್ಲೇ ಅಷ್ಟಿಷ್ಟು ಮಾಡುತ್ತೇನೆ.

“ಮಿಲಿಟರಿ ಗುರುತೆಲ್ಲ ಹೋಗ್ಬೇಕು ಮೇಸ್ತ್ರಿ ಚಾಚಾ,” ಎಂದ ನಯಾಜ್. “ಈ ಎತ್ತಿನ ತಲೆ, ಈ ನಂಬರು, ಈ ಬಿಲ್ಲೆ, ಎಲ್ಲಾ. ಯುದ್ಧದ ಗಾಡೀಲಿ ಬಂದ ಹಣ್ಣು ಯಾರು ತಿಂತಾರೆ ಅಂತ ಅಮ್ಮೀಜಾನ್ ಕೇಳ್ತವ್ರೆ.”

ಅವನ ತಾಯಿ ಶರ್ಫುನ್ನೀಸಾ ಬೇಗಂ ಹೇಳಿದರೆ ಮಾರುಕಟ್ಟೆಯ ತಕ್ಕಡಿಗಳೂ ನೆಟ್ಟಗೆ ನಿಲ್ಲುತ್ತವೆ. ನಯಾಜ್ ಒಂದು ಸುರುಳಿ ಬಿಚ್ಚಿದ. ನೀರಿನಲ್ಲಿ ನೆನೆಸಿ ಅಂಟಿಸುವ ಬಣ್ಣದ ಚಿತ್ರಗಳು. ಒಂದರಲ್ಲಿ ದ್ರಾಕ್ಷಿಯ ಗೊಂಚಲು, ಒಂದರಲ್ಲಿ ಮೂರು ಮಾವಿನಹಣ್ಣು. ಬಟ್ಟೆಯಲ್ಲಿ ಸುತ್ತಿದ ಹೊಸ ಹಿತ್ತಾಳೆ ಬಿಲ್ಲೆಯನ್ನೂ ಕೊಟ್ಟ. ‘ನಯಾಜ್ ಅಂಡ್ ಮದರ್’ ಎಂದು ಕೊರೆಸಿದ್ದ.

“ಎಲ್ಲರೂ ಅಂಡ್ ಸನ್ಸ್ ಅಂತ ಹಾಕಿಸ್ತಾರಲ್ಲೋ,” ಅಂದೆ.

“ಮದುವೇನೇ ಆಗಿಲ್ಲ, ಸನ್ಸ್ ಎಲ್ಲಿಂದ ತರ್ಲಿ? ಯಜಮಾನಿ ಅವರೇ ಅಲ್ವಾ. ಅವರ ಹೆಸರಿಲ್ದೆ ಗಾಡಿ ಶುರುವಾಗಲ್ಲ.”

ಆದಿಲಕ್ಷ್ಮಿ ನಕ್ಕಳು. ಏಳು ತಿಂಗಳಲ್ಲಿ ಅವಳು ನಕ್ಕದ್ದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದು ಬೆರಳು ಮಡಿಸಿ ಹೇಳಬಲ್ಲೆ.

ಕೆಲಸ ಹಿಡಿದೆವು. ಹಳೆಯ ಚಿತ್ರ ತೆಗೆಯಲು ಅವಸರ ಸಲ್ಲದು. ಸೋಡಾ ಬೆರೆಸಿದ ಬಿಸಿನೀರಿನ ಬಟ್ಟೆಯನ್ನು ಅದರ ಮೇಲೆ ಹಾಕಿ ಕಾಯಬೇಕು. ಅಂಚು ಮೇಲೆದ್ದಾಗ ಕ್ಷೌರದ ಬ್ಲೇಡಿನಿಂದ ಮಲಗಿಸಿ ಹೆರೆಯಬೇಕು. ನಾನು ಎತ್ತಿನ ತಲೆ ಹಿಡಿದೆ. ಆದಿಲಕ್ಷ್ಮಿ ಬಾಗಿಲಿನ ಮೇಲಿನ ಬಿಳಿ ನಂಬರು ಹಿಡಿದಳು. ಮಗ ಹೋದ ಮೇಲೆ ಬಣ್ಣ ಅರೆಯುವುದನ್ನೂ ಹೆರೆಯುವುದನ್ನೂ ನನ್ನಿಂದ ಕಲಿತಿದ್ದಳು.

ಸ್ವಲ್ಪ ಹೊತ್ತಿಗೆ ಅವಳ ಬ್ಲೇಡಿನ ಸದ್ದು ನಿಂತಿತು.

“ಮಾವಾ. ಈ ಹಸಿರಿನ ಕೆಳಗೆ ಇನ್ನೊಂದು ಹಸಿರು ಐತೆ. ಅದರ ಮೇಲೆ ಇನ್ನೊಂದು ನಂಬರು ಐತೆ.”

“ಏನಂತೆ?”

“ಏಳು, ಒಂಬತ್ತು, ಸೊನ್ನೆ, ಎರಡು.”

ನಾನು ಕೈಯಲ್ಲಿದ್ದ ಬಟ್ಟೆಯನ್ನು ಬಕೆಟ್ಟಿಗೆ ಹಾಕಿದೆ. ದೇವರ ಗೂಡಿನ ಕೆಳಗೆ ಮಡಿಸಿಟ್ಟ ಮಿಲಿಟರಿ ಕಾಗದದಲ್ಲಿ ಇರುವ ನಂಬರು ಅದೇ.

“ಸರಿಯಾಗಿ ನೋಡು ಲಕ್ಷ್ಮೀ.”

“ನೋಡೋದೇನು. ಮೂರು ಹೊತ್ತೂ ನಿಮ್ಮ ಮಗ, ನಮ್ಮ ಏಳೊಂಬತ್ತು ಹಂಗೆ, ನಮ್ಮ ಏಳೊಂಬತ್ತು ಹಿಂಗೆ ಅಂತ ಹೇಳ್ತಿದ್ರು. ನನ್ನ ಸವತಿ ನಂಬರು ನಾನು ಮರೀತೀನಾ?”

ನಯಾಜ್ ಗಾಡಿಯಿಂದ ಎರಡು ಹೆಜ್ಜೆ ದೂರ ಸರಿದ. “ಅಲ್ಲಾ ಕಸಮ್ ಚಾಚಾ, ನಾನು ಕದ್ದಿಲ್ಲ. ಮಿಲಿಟರಿ ಹರಾಜಿನ ಗಾಡಿ ಅಂತ ದಳ್ಳಾಳಿ ಕೊಟ್ಟ. ಕಾಗದ ಐತೆ.”

“ನಿನ್ನ ಯಾರೂ ಕಳ್ಳ ಅಂದಿಲ್ಲ ಮಗಾ. ಆ ಮಾತಿನ ಭಾರ ನಮಗೆ ಗೊತ್ತು. ಕೂತ್ಕೋ.”

ಬಾನೆಟ್ಟಿನ ಪಕ್ಕದ ಬಿಲ್ಲೆಯ ಹತ್ತಿರ ಹೋದೆ. ಕಂಪನಿಯಿಂದ ಬರುವಾಗ ಈ ಗಾಡಿಗಳ ಬಿಲ್ಲೆಗೆ ಗುಂಡುತಲೆಯ ಮೊಳೆ ಬಡಿದಿರುತ್ತಾರೆ. ಇದಕ್ಕೆ ಸ್ಕ್ರೂ ಹಾಕಿತ್ತು. ನಾಲ್ಕು ಸ್ಕ್ರೂ. ನಾಲ್ಕರ ತಲೆಯ ಗೀರೂ ನೆಟ್ಟಗೆ, ಮೇಲಿಂದ ಕೆಳಕ್ಕೆ.

ಮಂದಿಗೆ ಇದು ಏನೂ ಅಲ್ಲ. ನನಗೆ ರುಜು ಹಾಕಿದಂತೆ ಕಂಡಿತು. ಗೀರು ಅಡ್ಡ ನಿಂತರೆ ಅದರಲ್ಲಿ ನೀರು ಕೂತು ಹಿತ್ತಾಳೆ ಹಸಿರಾಗುತ್ತದೆ. ನನ್ನ ಕೈಕೆಳಗಿನ ಹುಡುಗರು ಗೀರನ್ನು ಓರೆ ಬಿಟ್ಟರೆ ಬೆರಳ ಗೆಣ್ಣಿಗೆ ಏಟು ಬೀಳುತ್ತಿತ್ತು. ನನ್ನಲ್ಲಿ ಕಲಿತವರು ಮೂವರು. ಒಬ್ಬ ಮದರಾಸಿಗೆ ಹೋಗಿ ಹತ್ತು ವರ್ಷ. ಒಬ್ಬ ನನ್ನ ಮಗ. ಮೂರನೆಯವನು ಕಗ್ಗದಾಸಪುರದ ಚಿಕ್ಕಮುನಿಯಪ್ಪ. ಯುದ್ಧ ಕಾಲದಲ್ಲಿ ಅದೇ ಡಿಪೋದಲ್ಲಿ ಬಣ್ಣದ ಕೆಲಸಕ್ಕಿದ್ದವನು. ನನ್ನ ಮಗನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು.

ಸ್ಕ್ರೂ ಬಿಚ್ಚಿದೆ. ಬಿಲ್ಲೆಯ ಹಿಂದೆ ಮೇಣದ ಕಾಗದ. ಅದರ ಹಿಂದೆ ಹೆಬ್ಬೆರಳಿನಷ್ಟು ಎತ್ತರದ ಕೆಂಪು ತ್ರಿಶೂಲ. ತ್ರಿಶೂಲಕ್ಕೆ ಯಾರೋ ಕುಂಕುಮ ಹಚ್ಚಿದ್ದರು. ಅದು ಒಣಗಿ ಕಪ್ಪಾಗಿತ್ತು.

ಆದಿಲಕ್ಷ್ಮಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ನಮ್ಮ ಗುರುಗಳ ಕಾಲದಿಂದ ಬಂದ ಪದ್ಧತಿ ಇದು. ಗಾಡಿಗೆ ಬಣ್ಣ ಹಚ್ಚುವ ಮುನ್ನ ಬರಿಯ ತಗಡಿನ ಮೇಲೆ ದೇವರ ಗುರುತು ಬರೆಯಬೇಕು. ಸಾಹೇಬರು ತಮ್ಮ ಕಾರಿನ ಮೇಲೆ ಕೆಂಪು ಗುರುತು ಕಂಡರೆ ಸಿಡುಕುತ್ತಾರೆ. ಅದಕ್ಕೆ ಬಿಲ್ಲೆ ಕೂರುವ ಜಾಗದಲ್ಲಿ ಬರೆದು, ಮೇಲೆ ಬಣ್ಣ ಹಚ್ಚಿ, ಬಿಲ್ಲೆ ಜಡಿಯುತ್ತೇವೆ. ಸಾಹೇಬರಿಗೆ ಕಾಣುವುದಿಲ್ಲ, ದೇವರಿಗೆ ಕಾಣುತ್ತದೆ. ನನ್ನ ಮಗ ಬರೆಯುತ್ತಿದ್ದದ್ದು ಮುನೇಶ್ವರನ ತ್ರಿಶೂಲ. ಎಡಗೈಯವನು. ಅವನ ಅಡ್ಡಗೆರೆ ಬಲತುದಿಯಲ್ಲಿ ದಪ್ಪವಾಗಿ ಶುರುವಾಗಿ ಎಡಕ್ಕೆ ಹೋಗುತ್ತ ಸಣ್ಣಗಾಗುತ್ತಿತ್ತು.

ಇಲ್ಲಿಯೂ ಹಾಗೆಯೇ ಇತ್ತು.

ಆದರೆ ಒಂದು ಸಂಗತಿ ನನಗೆ ಹೊಂದಲಿಲ್ಲ. ಬ್ಲೇಡಿನ ತುದಿಯಿಂದ ಗೆರೆಯ ಅಂಚನ್ನು ಸ್ವಲ್ಪ ಕೊಯ್ದು ಕನ್ನಡಕ ಏರಿಸಿ ನೋಡಿದೆ. ಎಲ್ಲಕ್ಕಿಂತ ಕೆಳಗೆ ತಗಡು. ಅದರ ಮೇಲೆ ಹಳೆಯ ಹಸಿರು. ಅದರ ಮೇಲೆ ಹೊಸ ಹಸಿರು. ಕೆಂಪು ಎಲ್ಲಕ್ಕಿಂತ ಮೇಲೆ. ಗಾಡಿಯ ನಂಬರು ಬದಲಿಸಿ ಹೊಸ ಬಣ್ಣ ಹಚ್ಚಿದ ಮೇಲೆ ಬರೆದ ತ್ರಿಶೂಲ ಇದು.

“ಅಂದ್ರೆ?” ಎಂದಳು ಆದಿಲಕ್ಷ್ಮಿ.

“ಅಂದ್ರೆ ಬಣ್ಣ ಬದಲಾಯಿಸಿದವನೇ ಬರೆದಿದ್ದಾನೆ. ಗೆಳೆಯನ ಗಾಡಿ ಕಳ್ಳರ ಪಾಲಾಗೋಕೆ ಕೈ ಹಾಕಿ, ಮನಸ್ಸು ಚುಚ್ಚಿ, ಗೆಳೆಯನ ಕೈಯಂಗೇ ಗುರುತು ಬರೆದು ಕುಂಕುಮ ಇಟ್ಟಿದ್ದಾನೆ.”

“ಚಿಕ್ಕಮುನಿಯಣ್ಣ.”

“ಅವನೇ.”

ಅವಳು ಕೈ ತೊಳೆದುಕೊಂಡಳು. “ನಾಳೆ ಬೆಳಿಗ್ಗೆ ನಾನೂ ಬರ್ತೀನಿ ಮಾವಾ.”

*

ಕಗ್ಗದಾಸಪುರಕ್ಕೆ ಅದೇ ಗಾಡಿಯಲ್ಲಿ ಹೋದೆವು. ಒಂದು ಕಡೆ ಅರ್ಧ ಹೆರೆದ ಎತ್ತಿನ ತಲೆ, ಇನ್ನೊಂದು ಕಡೆ ನಯಾಜ್ ತಡೆಯಲಾರದೆ ಅಂಟಿಸಿಕೊಂಡ ದ್ರಾಕ್ಷಿ. ರಾಗಿ ಕೊಯ್ದ ಹೊಲಗಳ ನಡುವಿನ ಬಂಡಿ ದಾರಿಯಲ್ಲಿ ಹೋಗುವಾಗ ಹೆಂಗಸರು ನಿಂತು ನೋಡಿದರು.

ಚಿಕ್ಕಮುನಿಯಪ್ಪ ಮನೆಯ ಪಕ್ಕದ ಚಪ್ಪರದಲ್ಲಿ ಎತ್ತಿನ ಗಾಡಿಯ ಚಕ್ರಕ್ಕೆ ಬಣ್ಣ ಹಚ್ಚುತ್ತಿದ್ದ. ನಮ್ಮನ್ನು ನೋಡಿ ಎದ್ದ. ಗಾಡಿಯನ್ನು ನೋಡಿ ಕೂತ.

“ಏನಪ್ಪಾ, ಗುರ್ತು ಸಿಕ್ತಾ?” ಅಂದೆ.

“ಬನ್ನಿ ಮೇಸ್ತ್ರಿ. ಕೂತ್ಕೊಳ್ಳಿ. ನೀರು ತರಿಸ್ಲಾ?”

“ನೀರು ಆಮೇಲೆ. ಮೊದಲು ಏಳೊಂಬತ್ತು ಸೊನ್ನೆ ಎರಡರ ವಿಷಯ ಹೇಳು.”

ಅವನು ಆದಿಲಕ್ಷ್ಮಿಯ ಕಡೆ ನೋಡಲು ಹೋಗಿ, ಅವಳ ಬರಿಹಣೆ ಕಣ್ಣಿಗೆ ಬಿದ್ದು, ತಲೆ ತಗ್ಗಿಸಿದ.

“ನನ್ನ ನೋಡಿ ಮಾತಾಡಿ ಅಣ್ಣಾ,” ಎಂದಳು ಅವಳು. “ತಂಗಿ ತಂಗಿ ಅಂತ ನಮ್ಮನೇಲಿ ಮುದ್ದೆ ಉಂಡವರು ನೀವು. ಏಳು ತಿಂಗಳಿಂದ ಹಲಸೂರು ದಾರಿ ಮರ್ತೇ ಹೋಯ್ತಾ?”

“ಮರೀಲಿಲ್ಲಮ್ಮ. ಬರೋಕೆ ಮುಖ ಇರ್ಲಿಲ್ಲ.”

ನಡೆದದ್ದನ್ನು ಹೇಳಿದ. ಆ ಗುರುವಾರ ಡಿಪೋದ ಉಗ್ರಾಣದ ಹವಾಲ್ದಾರನೇ ಗಾಡಿಯನ್ನು ಈ ಚಪ್ಪರಕ್ಕೆ ತಂದು ನಿಲ್ಲಿಸಿದ. ಹೊಸ ನಂಬರು, ಹೊಸ ಎತ್ತಿನ ತಲೆ, ಹೊಸ ಬಿಲ್ಲೆ ಹಾಕಬೇಕು, ಶನಿವಾರಕ್ಕೆ ತಯಾರಿರಬೇಕು ಎಂದ. ಯಾಕೆ ಎಂದು ಕೇಳಿದ್ದಕ್ಕೆ, ಬಾಯಿ ಬಿಟ್ಟರೆ ನಿನ್ನ ಹೆಸರನ್ನೂ ಕಳ್ಳರ ಪಟ್ಟಿಗೆ ಸೇರಿಸುತ್ತೇನೆ ಎಂದ.

“ಗಾಡಿ ಯಾರದು ಅಂತ ಗೊತ್ತಿತ್ತಾ?”

“ಗೊತ್ತಿತ್ತು ಮೇಸ್ತ್ರಿ. ಆಂಜನಪ್ಪನದು ಅಂತ ಗೊತ್ತಿತ್ತು. ಅವನು ಎಲ್ಲಿ ಅಂತ ಗೊತ್ತಿರ್ಲಿಲ್ಲ. ಶುಕ್ರವಾರ ಸುದ್ದಿ ಬಂತು. ಸಂಜೆ ಬಂದು ಮಣ್ಣಿಗೆ ನಾನೂ ಹೆಗಲು ಕೊಟ್ಟೆ. ಹೆಗಲು ಕೊಟ್ಟ ಕೈಗೆ ಹಸಿರು ಬಣ್ಣ ಇನ್ನೂ ಇತ್ತು.”

ನನಗೆ ಸಿಟ್ಟು ಬರಬೇಕಾಗಿತ್ತು. ಬರಲಿಲ್ಲ. ನಾನು ಬಂದದ್ದು ಅವನ ಬಾಯಿಂದ ಈ ಮಾತು ಕೇಳುವುದಕ್ಕೇ. ಗಾಡಿ ಮಾರಿದವನು ನನ್ನ ಮಗನಲ್ಲ, ಹವಾಲ್ದಾರ. ರುಜುವಾತು ಎದುರಿಗೇ ಕೂತಿತ್ತು.

“ಸೋಮವಾರ ಸಾಹೇಬನ ಮುಂದೆ ಇದನ್ನ ಹೇಳ್ತೀಯಾ?”

ಅವನು ಕೈಯಲ್ಲಿದ್ದ ಕುಂಚ ಕೆಳಗಿಟ್ಟ. “ಹೇಳ್ತೀನಿ,” ಎಂದ. “ಏನಾದ್ರೂ ಆಗ್ಲಿ. ನಿದ್ದೆ ಮಾಡಿ ಎಷ್ಟೋ ದಿನ ಆಯ್ತು.”

“ತ್ರಿಶೂಲ ಬರೆದದ್ದನ್ನೂ ಹೇಳು. ಅದೊಂದೇ ನೀನು ಮಾಡಿದ ಒಳ್ಳೆ ಕೆಲಸ.”

ಚಿಕ್ಕಮುನಿಯಪ್ಪ ತಟ್ಟನೆ ತಲೆ ಎತ್ತಿದ.

“ಅದು ನಾನು ಬರೀಲಿಲ್ಲ ಮೇಸ್ತ್ರಿ.”

“ಈಗ ಸುಳ್ಳು ಯಾಕಪ್ಪ? ಬಿಲ್ಲೆ ಹಾಕಿದವನು ನೀನು.”

“ಬಿಲ್ಲೆ ಹಾಕ್ದೆ. ಕುಂಕುಮ ಇಟ್ಟೆ. ಬರೀಲಿಲ್ಲ.”

ನಾನು ಅವನ ಡಬ್ಬಿಯಿಂದ ಸಣ್ಣ ಕುಂಚ ತೆಗೆದು ಕೆಂಪಿನಲ್ಲಿ ಅದ್ದಿ ಕೊಟ್ಟೆ. ಒಂದು ಹಲಗೆ ಮುಂದಿಟ್ಟೆ. “ಎಡಗೈಲಿ ಎಳಿ. ಬಲದಿಂದ ಎಡಕ್ಕೆ ಅಡ್ಡಗೆರೆ.”

ಅವನು ಎಳೆದ. ಗೆರೆ ಜ್ವರ ಬಂದವರಂತೆ ನಡುಗಿತು. ಇನ್ನೊಮ್ಮೆ ಎಂದೆ. ಇನ್ನೂ ಕೆಟ್ಟದಾಗಿ ಬಂತು. ನಯಾಜ್ ಬಗ್ಗಿ ನೋಡಿ, “ಇದಕ್ಕಿಂತ ನಮ್ಮ ಆಡು ಚೆನ್ನಾಗಿ ಎಳೆಯುತ್ತೆ ಗುರು,” ಎಂದ.

ಬಿಲ್ಲೆಯ ಹಿಂದಿನ ಗೆರೆ ನಡುಗಿರಲಿಲ್ಲ. ಅದು ಎಡಗೈಯಲ್ಲೇ ಹುಟ್ಟಿ ಬೆಳೆದ ಗೆರೆ.

“ಹಾಗಾದ್ರೆ ಯಾರು?” ಎಂದೆ.

“ಹೇಳಿದ್ರೆ ನೀವು ನಂಬಲ್ಲ.”

“ಹೇಳು.”

“ಬಣ್ಣ ಮುಗಿದು, ಒಣಗಲಿ ಅಂತ ಬಿಲ್ಲೆ ಹಾಕದೆ ಬಿಟ್ಟಿದ್ದೆ. ಶನಿವಾರ ಮಧ್ಯಾಹ್ನ ಊಟಕ್ಕೆ ಒಳಗೆ ಹೋದೆ. ಊಟ ಮಾಡಿ ಬಂದು ನೋಡಿದ್ರೆ ಬಿಲ್ಲೆ ಕೂರೋ ಜಾಗದಲ್ಲಿ ತ್ರಿಶೂಲ. ಇನ್ನೂ ಹಸಿ. ಆಂಜನಪ್ಪನ ಕೈ ಅಂತ ನೋಡಿದ ತಕ್ಷಣ ಗೊತ್ತಾಯ್ತು. ಹಿಂದಿನ ದಿನ ತಾನೇ ಮಣ್ಣು ಮಾಡಿ ಬಂದಿದ್ದೆ ಮೇಸ್ತ್ರಿ. ಗೆಳೆಯನಿಗೆ ದ್ರೋಹ ಮಾಡಿದ್ದಕ್ಕೆ ದೆವ್ವ ಆಗಿ ಬಂದ ಅಂದ್ಕೊಂಡೆ. ಅಳಿಸೋಕೆ ಧೈರ್ಯ ಬರ್ಲಿಲ್ಲ. ಕುಂಕುಮ ಇಟ್ಟು, ಮೇಣದ ಕಾಗದ ಮುಚ್ಚಿ, ಬಿಲ್ಲೆ ಜಡಿದು, ಮುನೇಶ್ವರನ ಗುಡಿಗೆ ಓಡಿಹೋಗಿ ನಿಂಬೆಹಣ್ಣು ಕುಯ್ದೆ. ಯಾರಿಗೂ ಹೇಳಲ್ಲ ಅಂತ ಹರಕೆ ಕಟ್ಟಿಕೊಂಡೆ. ಹೇಳಿದ್ರೆ ನನ್ನ ಮನೆ ಹೊಕ್ಕುತ್ತೆ ಅಂತ ಭಯ.”

ಹಿತ್ತಿಲಲ್ಲಿ ಕೋಳಿ ಕೆದಕುತ್ತಿತ್ತು.

ಆದಿಲಕ್ಷ್ಮಿ ಮೆಲ್ಲಗೆ ಕೇಳಿದಳು. “ಅಣ್ಣಾ, ಯಾವ ಕುಂಚದಲ್ಲಿ ಬರೆದಿತ್ತು ಅದು?”

“ನಂದೇ. ಇಲ್ಲೇ ಇಟ್ಟಿದ್ನಲ್ಲ.”

“ನೀವು ಬಂದಾಗ ಕುಂಚ ಹೆಂಗಿತ್ತು?”

ಅವನು ಯೋಚಿಸಿದ. “ಡಬ್ಬಿ ಮೇಲಿತ್ತು. ಬಟ್ಟೆ ಸುತ್ತಿತ್ತು.”

“ಕೆಂಪು ಅಂಟಿಕೊಂಡಿತ್ತಾ?”

“ಇಲ್ಲ. ಟರ್ಪೆಂಟೈನಲ್ಲಿ ತೊಳೆದು, ಕೂದಲು ನೇವರಿಸಿ…”

“ದೆವ್ವ ಕುಂಚ ತೊಳೆದಿಟ್ಟು ಹೋಗುತ್ತಾ ಅಣ್ಣಾ?” ಎಂದಳು ಆದಿಲಕ್ಷ್ಮಿ.

ಕುಂಚ ತೊಳೆಯದೆ ಎದ್ದರೆ ಮಧ್ಯಾಹ್ನದ ಊಟ ಇಲ್ಲ ಎಂದು ಅವನಿಗೆ ಎಂಟು ವರ್ಷವಿದ್ದಾಗಿಂದ ಕಲಿಸಿದವನು ನಾನು. ಜೀವ ಉಳಿಸಿಕೊಳ್ಳಲು ಓಡುತ್ತಿದ್ದರೂ, ಹವಾಲ್ದಾರನ ಜನ ಹಿಂದೆ ಬಿದ್ದಿದ್ದರೂ, ನನ್ನ ಮಗ ನಿಂತು ಕುಂಚ ತೊಳೆದಿದ್ದಾನೆ.

ನಾವು ಮಣ್ಣು ಮಾಡಿದ ಮಾರನೆಯ ದಿನ.

ಯಾಕೆ ಬರೆದ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಬಿಲ್ಲೆ ಹಾಕಿದ ಮೇಲೆ ಅದನ್ನು ಬಿಚ್ಚುವವರು ನನ್ನಂಥ ಕಸುಬಿನವರೇ. ಆ ಗುರುತನ್ನು ಓದಬಲ್ಲವರು ಅವರೇ. ಒಂದಲ್ಲ ಒಂದು ದಿನ ಅಪ್ಪನ ಕಿವಿಗೆ ಬೀಳಲಿ ಎಂದು ಅವನು ಇಟ್ಟು ಹೋದ ಕಾಗದ ಅದು. ದೆವ್ವಕ್ಕೆ ಹೆದರಿದ ಗೆಳೆಯ ಅದನ್ನು ಏಳು ತಿಂಗಳು ಮುಚ್ಚಿಟ್ಟ. ಹಾಗೆ ಹೆದರಿದ್ದರಿಂದಲೇ ಅದು ಅಳಿಯದೆಯೂ ಉಳಿಯಿತು.

ಆದಿಲಕ್ಷ್ಮಿ ಅಳಲಿಲ್ಲ. ಒಂದು ಚೊಂಬು ನೀರು ಕೇಳಿ ಪೂರ್ತಿ ಕುಡಿದಳು. ಆಮೇಲೆ ಬಾಗಿಲಲ್ಲಿ ನಿಂತಿದ್ದ ಚಿಕ್ಕಮುನಿಯಪ್ಪನ ಹೆಂಡತಿಯನ್ನು ಕರೆದಳು. “ಅತ್ಗೇ, ಒಂದು ಚಿಟಿಕೆ ಕುಂಕುಮ ಕಾಗದದಲ್ಲಿ ಕಟ್ಟಿಕೊಡಿ.”

“ಲಕ್ಷ್ಮೀ,” ಅಂದೆ.

“ಹಣೆಗೆ ಇಟ್ಕೊಳ್ಳಲ್ಲ ಮಾವಾ. ಇಟ್ಟಿರ್ತೀನಿ, ಅಷ್ಟೇ.” ಪೊಟ್ಟಣವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು.

ಚಿಕ್ಕಮುನಿಯಪ್ಪ ಕೈಯುಜ್ಜುತ್ತ ನಿಂತಿದ್ದ. “ಮೇಸ್ತ್ರಿ, ಒಂದು ಮಾತು. ಸತ್ತಿದಾನೆ ಅಂದ್ರೆ ಸೋಮವಾರ ಅವನ ಹೆಸರು ಪೂರ್ತಿ ಶುದ್ಧ ಆಗುತ್ತೆ. ಬದುಕಿದಾನೆ ಅಂದ್ರೆ ಅದೇ ಕಾಗದದಲ್ಲಿ ಓಡಿಹೋದ ಸಿಪಾಯಿ ಅಂತ ಬರೀತಾರೆ. ಸಿಕ್ಕಿದ ಕಡೆ ಹಿಡೀತಾರೆ. ಕುಂಚದ ಮಾತು ಹೇಳಬೇಕಾ?”

ಅದು ನನಗೂ ಹೊಳೆದಿತ್ತು. ಹವಾಲ್ದಾರ ಇನ್ನೂ ಡಿಪೋದಲ್ಲೇ ಇದ್ದ. ನನ್ನ ಮಗ ಬದುಕಿದ್ದಾನೆ ಎಂಬ ಮಾತು ಸಾಹೇಬನ ಮೇಜು ಮುಟ್ಟುವ ಮುಂಚೆ ಅವನ ಕಿವಿ ಮುಟ್ಟುತ್ತದೆ.

“ನೀನು ಗಾಡಿಯ ವಿಷಯ ಹೇಳು. ಕಳ್ಳ ಅನ್ನೋ ಮಾತು ಮೊದಲು ಹೋಗ್ಲಿ,” ಅಂದೆ. “ಸತ್ತಿದಾನೆ ಅಂತ ನಾನು ಬಾಯಿಬಿಟ್ಟು ಹೇಳಲ್ಲ. ಒಂದು ಸಲ ನೋಡದೆ ಹೇಳಿದ್ದೀನಿ. ಇನ್ನೊಂದು ಸಲ ಹೇಳೋಕೆ ದೇವರು ನಾಲಿಗೆ ಕೊಟ್ಟಿಲ್ಲ.”

ಆದಿಲಕ್ಷ್ಮಿ ನನ್ನ ಮುಖ ನೋಡಿದಳು. ನೋಡದೆ ಎಂದದ್ದು ಅವಳಿಗೆ ಕೇಳಿಸಿತ್ತು.

“ತೋಳಿನ ಬಿಲ್ಲೆ ಮಾತ್ರ ನೋಡಿದೆ ತಾಯಿ,” ಅಂದೆ. “ಮಿಕ್ಕಿದ್ದು ನೋಡೋಕೆ ನನ್ನಿಂದ ಆಗಲಿಲ್ಲ. ನಿನಗೆ ಸುಳ್ಳು ಹೇಳಿದೆ.”

ಅವಳು ಹತ್ತಿರ ಬಂದು ನನ್ನ ಕೈಗೆ ಅಂಟಿದ್ದ ಕೆಂಪು ಬಣ್ಣವನ್ನು ಸೆರಗಿನಿಂದ ಒರೆಸಿದಳು. “ನೋಡಿದ್ರೂ ನಾನು ನಂಬ್ತಿರ್ಲಿಲ್ಲ ಮಾವಾ,” ಎಂದಳು. “ನಡೀರಿ. ಹೊತ್ತಾಗುತ್ತೆ.”

ಗಾಡಿ ಹತ್ತುವಾಗ ನಯಾಜ್ ಕೇಳಿದ. “ಚಾಚಾ, ಒಂದು ಅರ್ಥ ಆಗ್ಲಿಲ್ಲ. ನಿಮ್ಮ ಮಗ ಶನಿವಾರ ಇಲ್ಲಿದ್ರೆ, ಶುಕ್ರವಾರ ಮಣ್ಣಾಗಿದ್ದು ಯಾರು?”

*

ಹಲಸೂರಿಗೆ ಬರುವ ಹೊತ್ತಿಗೆ ಬಿಸಿಲು ಹಳದಿಯಾಗಿತ್ತು. ಮನೆಗೆ ಹೋಗದೆ ನೇರವಾಗಿ ಮಸಣಕ್ಕೆ ಹೋದೆವು. ನಯಾಜ್ ಬೇಲಿಯ ಹೊರಗೆ ಟೋಪಿ ಸರಿಮಾಡಿಕೊಂಡು ನಿಂತ.

ಏಳು ತಿಂಗಳು ನನ್ನ ಮಗ ಎಂದು ತಿಳಿದು ಇಲ್ಲಿ ನಿಂತು ಅತ್ತಿದ್ದೇನೆ. ಅವನಿಗೆ ಇಷ್ಟವೆಂದು ಹುರಿಗಡಲೆ ಇಟ್ಟಿದ್ದೇನೆ. ಈಗ ಒಳಗೊಳಗೆ ಸಂತೋಷ ಉಕ್ಕಿ ಬರುತ್ತಿತ್ತು. ಇಲ್ಲಿ, ಇವನ ಮುಂದೆ, ಸಂತೋಷಪಡಲು ನಾಚಿಕೆಯಾಯಿತು. ಇವನೂ ಒಬ್ಬರ ಮಗ. ಯಾರೋ ನನ್ನ ಮಗನ ಕೋಟನ್ನು ಇವನಿಗೆ ತೊಡಿಸಿ ನೀರಿಗೆ ಹಾಕಿದ್ದರು. ಇವನ ತಾಯಿ ಯಾವ ಊರಿನ ಬಾಗಿಲಲ್ಲಿ ದಾರಿ ನೋಡುತ್ತಿದ್ದಾಳೋ.

“ಮಾವಾ, ಇಲ್ಲಿ ನೋಡಿ,” ಎಂದಳು ಆದಿಲಕ್ಷ್ಮಿ.

ಗುಡ್ಡೆಯ ತಲೆಯ ಕಡೆ ಒಂದು ಮಣ್ಣಿನ ಕುಡಿಕೆ ಇತ್ತು. ಅದರಲ್ಲಿ ಹಾಲು. ಪಕ್ಕದಲ್ಲಿ ಒಂದು ಮೊಳ ಕನಕಾಂಬರ. ಹೂವು ಬಾಡಿರಲಿಲ್ಲ. ಹಾಲಿಗೆ ಇನ್ನೂ ಇರುವೆ ಮುತ್ತಿರಲಿಲ್ಲ.

“ನೀನು ಇಟ್ಟಿದ್ದಾ?”

“ನಾನು ನಿಮ್ಮ ಜೊತೇಲೇ ಇದ್ನಲ್ಲ.”

ಸುತ್ತ ನೋಡಿದೆ. ಯಾರೂ ಇರಲಿಲ್ಲ. ಬೇಲಿಯಾಚೆಯ ಕಾಲುದಾರಿಯೂ ಬರಿದಾಗಿತ್ತು. ಇಲ್ಲಿ ಮಲಗಿದವನು ಯಾರೆಂದು ಬಲ್ಲ ಒಂದು ಜೀವ ಈ ಊರಿನಲ್ಲಿದೆ. ನಾವು ಬರುವ ಸ್ವಲ್ಪ ಮುಂಚೆ ಇಲ್ಲಿ ಮಂಡಿಯೂರಿ ಹೋಗಿದೆ. ಮೆದು ಮಣ್ಣಿನಲ್ಲಿ ಹೆಣ್ಣಿನ ಬರಿಗಾಲ ಹೆಜ್ಜೆ ಸ್ಪಷ್ಟವಾಗಿತ್ತು.

ಆದಿಲಕ್ಷ್ಮಿ ಹೆಜ್ಜೆಯ ಜಾಡು ಹಿಡಿದು ಬೇಲಿಯ ಕಡೆ ಹೊರಟಳು. ನಾನು ಅಲ್ಲೇ ನಿಂತೆ. ಹೋಗುವ ಮುಂಚೆ ಒಂದು ಬಾಕಿ ಇತ್ತು. ಇವನಿಗಾಗಿ, ಇವನದೇ ಎಂದು, ನಾನು ಒಂದು ಸಲವೂ ಬೇಡಿಕೊಂಡಿರಲಿಲ್ಲ.

ಬಗ್ಗಿ ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡೆ.

ಸೋಮೇಶ್ವರಾ, ಇವನ ಹೆಸರು ನನಗೆ ಗೊತ್ತಿಲ್ಲ, ನಿನಗೆ ಗೊತ್ತು. ನನ್ನ ಮಗನ ಪಾಲಿನ ಸಾವನ್ನು ಇವನು ಸತ್ತ. ನನ್ನ ಮಗನ ಹೆಸರಿನ ಹಾಲು ತುಪ್ಪ ಇವನಿಗೆ ಬಿತ್ತು. ಹೆಸರು ತಪ್ಪಿ ಕೊಟ್ಟದ್ದು ಎಂದು ತಳ್ಳಬೇಡ, ಅದನ್ನು ಇವನಿಗೇ ಮುಟ್ಟಿಸು. ನೀರಿನಲ್ಲಿ ನೆನೆದವನಿಗೆ ನಿನ್ನ ನೆರಳು ಬೆಚ್ಚಗಿರಲಿ. ನನ್ನ ಹೆಂಡತಿ ಪಕ್ಕದಲ್ಲಿದ್ದಾಳೆ, ಯಾರ ಮಗುವನ್ನೂ ಬೇರೆಯೆಂದು ಕಂಡವಳಲ್ಲ, ಅವಳು ನೋಡಿಕೊಳ್ಳಲಿ. ಈ ಕೂಸಿನ ಆತ್ಮಕ್ಕೆ ಶಾಂತಿ ಕೊಡು ತಂದೆ.